ಪ್ರೀಪೇಯ್ಡ್ ಮೀಟರ್‌ನಲ್ಲಿ ದುಡ್ಡು ಮುಗಿದರೆ ಏನು ಮಾಡಬೇಕು, ಮುಗಿಯದಂತೆ ಹೇಗೆ ನೋಡಿಕೊಳ್ಳಬೇಕು

ವಿಜಯಪುರದಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುತ್ತಿದ್ದರು. ಈಗ ಇನ್ನೊಂದು ಪ್ರಶ್ನೆ ಸೇರಿದೆ: ಕರೆಂಟ್ ಮೀಟರ್ ಪ್ರೀಪೇಯ್ಡಾ? ಅಪಾರ್ಟ್‌ಮೆಂಟ್, ಪಿಜಿ, ಅಂಗಡಿ ಕಾಂಪ್ಲೆಕ್ಸ್‌ಗಳಲ್ಲಿ ಇಂಥ ಮೀಟರ್ ಬಂದಿವೆ. ಮನೆ ಕಟ್ಟಿಸುವವರು ಟೆಂಪರರಿ ಕನೆಕ್ಷನ್ ತೆಗೆದುಕೊಂಡರೆ ಅಲ್ಲೂ ಇದೇ. 2025ರಿಂದ ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಬರುತ್ತಿವೆ, ತಾತ್ಕಾಲಿಕ ಸಂಪರ್ಕಕ್ಕೆ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್.

ಮೊದಲು ದುಡ್ಡು ಹಾಕಬೇಕು, ಆಮೇಲೆ ಕರೆಂಟ್ ಉರಿಸಬೇಕು. ದುಡ್ಡು ಮುಗಿದರೆ ಮೀಟರ್ ತಾನೇ ಕರೆಂಟ್ ಕಡಿಯುತ್ತದೆ, ಲೈನ್‌ಮನ್ ಬರುವ ಅಗತ್ಯವೇ ಇಲ್ಲ. ಹಳೆಯ ಪದ್ಧತಿಯಲ್ಲಿ ಬಿಲ್ ಬಾಕಿ ಉಳಿದರೂ ಸಂಪರ್ಕ ಕಡಿಯುವ ಮುಂಚೆ 15 ದಿನದ ನೋಟಿಸ್ ಕೊಡಬೇಕು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಹಾಗೆ ಹೇಳುತ್ತದೆ. ಪ್ರೀಪೇಯ್ಡ್‌ನಲ್ಲಿ ಆ ಬಿಡುವು ಇಲ್ಲ. ಬರುವುದು ಒಂದು ಮೆಸೇಜ್, ಅಷ್ಟೇ. ಹಾಗಾಗಿ ಅಂಥ ಬಿಡುವನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಇರುವ ದಾರಿ ಒಂದೇ: ಬ್ಯಾಲೆನ್ಸ್ ಎಷ್ಟು ರೂಪಾಯಿ ಇದೆ ಎಂದು ನೋಡುವ ಬದಲು ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂದು ನೋಡುವುದು. ಅದನ್ನು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಈಗ ಕತ್ತಲಲ್ಲಿ ಕೂತು ಓದುತ್ತಿರುವವರಿಗೆ ಬೇಕಾದದ್ದು ಮೊದಲು.

ಕರೆಂಟ್ ಹೋದ ತಕ್ಷಣ

1. ಹೊರಗೆ ನೋಡಿ. ಪಕ್ಕದ ಮನೆ, ಬೀದಿ ದೀಪ ಉರಿಯುತ್ತಿವೆಯಾ? ಇಡೀ ಓಣಿಯೇ ಕತ್ತಲಿದ್ದರೆ ನಿಮ್ಮ ಬ್ಯಾಲೆನ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಸುಮ್ನೆ ರೀಚಾರ್ಜ್ ಮಾಡಬೇಡಿ.

2. ನಿಮ್ಮ ಮನೆಯಲ್ಲಷ್ಟೇ ಹೋಗಿದ್ದರೆ ಒಳಗಿನ ಎಂಸಿಬಿ (ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ನೋಡಿ. ಕೆಳಗೆ ಬಿದ್ದಿದ್ದರೆ ಮೇಲೆತ್ತಿ. ಮತ್ತೆ ಬಿದ್ದರೆ ಎಲ್ಲೋ ಶಾರ್ಟ್ ಇರಬಹುದು, ಎಲೆಕ್ಟ್ರಿಷಿಯನ್ ಬೇಕು.

3. ಎಂಸಿಬಿ ಸರಿ ಇದ್ದರೆ ಮೀಟರ್ ಹತ್ತಿರ ಹೋಗಿ. ಡಿಸ್‌ಪ್ಲೇ ಉರಿಯುತ್ತಿದೆಯಾ ಎಂದು ನೋಡುವುದೇ ಇಲ್ಲಿ ಮುಖ್ಯ. ಮೀಟರ್‌ಗೆ ಬೇಕಾದ ಕರೆಂಟ್ ಕಂಬದ ಕಡೆಯಿಂದ ಬರುತ್ತದೆ. ಬ್ಯಾಲೆನ್ಸ್ ಮುಗಿದಾಗ ಒಳಗಿನ ಸ್ವಿಚ್ ಮನೆಯ ಕಡೆಯನ್ನು ಮಾತ್ರ ಕಡಿಯುತ್ತದೆ. ಹಾಗಾಗಿ ಡಿಸ್‌ಪ್ಲೇ ಉರಿಯುತ್ತಿದ್ದು ಮನೆ ಕತ್ತಲಿದ್ದರೆ ಮೀಟರೇ ಕಡಿದಿದೆ. ಡಿಸ್‌ಪ್ಲೇಯೂ ಸತ್ತಿದ್ದರೆ ಮೀಟರ್ ತನಕವೇ ಕರೆಂಟ್ ಬರುತ್ತಿಲ್ಲ, ಅದು ಫ್ಯೂಸ್ ಅಥವಾ ಕಂಬದ ಕಡೆಯ ತೊಂದರೆ.

4. ಮೀಟರ್ ಮೇಲಿನ ಬಟನ್ ಒತ್ತುತ್ತಾ ಹೋಗಿ. ಯೂನಿಟ್, ವೋಲ್ಟೇಜ್, ಲೋಡ್, ಬ್ಯಾಲೆನ್ಸ್ ಒಂದೊಂದಾಗಿ ಬರುತ್ತವೆ. ಬ್ಯಾಲೆನ್ಸ್ ಸೊನ್ನೆ ಅಥವಾ ಮೈನಸ್ ಇದ್ದರೆ ರೀಚಾರ್ಜ್ ಬೇಕು. ಬ್ಯಾಲೆನ್ಸ್ ಇದ್ದೂ ಕಡಿದಿದ್ದರೆ ಲೋಡ್ ಜಾಸ್ತಿ ಆಗಿರಬಹುದು. ಮಂಜೂರಾದ ಲೋಡ್ ಮೀರಿದರೂ ಇಂಥ ಮೀಟರ್ ಕಡಿಯುತ್ತದೆ. ಗೀಸರ್, ಮೋಟರ್, ಇಸ್ತ್ರಿ ಆಫ್ ಮಾಡಿ ಸ್ವಲ್ಪ ಹೊತ್ತು ಕಾಯಿರಿ. ಸಾಮಾನ್ಯವಾಗಿ ತಾನೇ ಬರುತ್ತದೆ.

ಕೆಲವು ಮೀಟರ್‌ಗಳಲ್ಲಿ ತುರ್ತು ಬ್ಯಾಲೆನ್ಸ್ ಎಂಬ ಅನುಕೂಲ ಇರುತ್ತದೆ. ಸೊನ್ನೆಗೆ ಬಂದ ಮೇಲೂ ಒಂದು ಮಿತಿಯವರೆಗೆ ಸಾಲದ ಮೇಲೆ ಕರೆಂಟ್ ಕೊಡುತ್ತದೆ, ಮುಂದಿನ ರೀಚಾರ್ಜ್‌ನಲ್ಲಿ ಮುರಿದುಕೊಳ್ಳುತ್ತದೆ. ಇನ್ನು ಕೆಲವು ಮೀಟರ್‌ಗಳನ್ನು ರಾತ್ರಿ ಹೊತ್ತು, ರಜೆ ದಿನ ಕಡಿಯದಂತೆ ಹೊಂದಿಸಿರುತ್ತಾರೆ. ನಿಮ್ಮದರಲ್ಲಿ ಇವು ಇವೆಯೇ ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಕತ್ತಲಲ್ಲಿ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.

5. ರೀಚಾರ್ಜ್ ಮಾಡುವ ಮುಂಚೆ ಇಸ್ತ್ರಿ ಪೆಟ್ಟಿಗೆ, ಹೀಟರ್ ರಾಡ್, ಮಿಕ್ಸರ್, ಮೋಟರ್ ಸ್ವಿಚ್ ಎಲ್ಲ ಆಫ್ ಮಾಡಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ. ನೀರಿಲ್ಲದ ಬಕೆಟ್‌ನಲ್ಲಿ ರಾಡ್ ಉರಿದರೆ, ಬಟ್ಟೆ ಮೇಲೆ ಇಸ್ತ್ರಿ ಪೆಟ್ಟಿಗೆ ಕಾದರೆ ಬೆಂಕಿ ಹತ್ತುತ್ತದೆ. ಒಂದು ದೀಪದ ಸ್ವಿಚ್ ಮಾತ್ರ ಆನ್ ಇಡಿ, ಕರೆಂಟ್ ಬಂದದ್ದು ಗೊತ್ತಾಗಲಿ ಅಂತ.

6. ರೀಚಾರ್ಜ್ ಮಾಡಿ. ಮೀಟರ್ ನಂಬರ್ ಅಥವಾ ಗ್ರಾಹಕ ಸಂಖ್ಯೆ ಎರಡು ಸಲ ನೋಡಿ. ಬ್ಯಾಲೆನ್ಸ್ ಮೈನಸ್ 80 ಇದ್ದು 100 ಹಾಕಿದರೆ ಉಳಿಯುವುದು 20 ಮಾತ್ರ. ಅದು ಬೆಳಗಿನ ತನಕವೂ ಸಾಲದು. ದುಡ್ಡು ಕಡಿಮೆ ಇದ್ದರೂ ಮೈನಸ್ ಕಳೆದು ಎರಡು ದಿನಕ್ಕಾಗುವಷ್ಟು ಹಾಕಿ.

7. ಕಾಯಿರಿ. ಸ್ಮಾರ್ಟ್ ಮೀಟರ್‌ನಲ್ಲಿ ದುಡ್ಡು ಮೊದಲು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ ಮೊಬೈಲ್ ನೆಟ್‌ವರ್ಕ್ ಅಥವಾ ರೇಡಿಯೋ ಮೂಲಕ ಮೀಟರ್‌ಗೆ ಆದೇಶ ಬರುತ್ತದೆ. ನೆಲಮಾಳಿಗೆಯಲ್ಲಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಇರುವ ಮೀಟರ್‌ಗೆ ಸಿಗ್ನಲ್ ತಡವಾಗಿ ಸಿಗುತ್ತದೆ. ಅರ್ಧ ಗಂಟೆ ಬಿಡಿ. ಕೆಲವು ಮೀಟರ್‌ಗಳಲ್ಲಿ ದುಡ್ಡು ಬಂದ ಮೇಲೆ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸಂಪರ್ಕ ಕೂಡುತ್ತದೆ. ಕೀಪ್ಯಾಡ್ ಇರುವ ಮೀಟರ್ ಆಗಿದ್ದರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ನೀವೇ ಒತ್ತಬೇಕು. ನಾಲ್ಕು ನಾಲ್ಕು ಅಂಕಿ ಓದಿಕೊಂಡು ಒತ್ತಿ, ತಪ್ಪಾಗುವುದಿಲ್ಲ.

ಯುಪಿಐಯಲ್ಲಿ ದುಡ್ಡು ಕಟ್ಟಾಗಿ ‘ಪೆಂಡಿಂಗ್’ ಎಂದು ತೋರಿಸಿದರೆ ಗಾಬರಿಯಲ್ಲಿ ದೊಡ್ಡ ಮೊತ್ತ ಮತ್ತೆ ಹಾಕಬೇಡಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ವ್ಯಾಪಾರಿಗೆ ತಲುಪದ ಯುಪಿಐ ಹಣ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. ಆ ರಾತ್ರಿಗೆ ಬೇಕೇ ಬೇಕು ಅಂದರೆ ಬೇರೆ ಆ್ಯಪ್‌ನಿಂದ ಸಣ್ಣ ಮೊತ್ತ ಹಾಕಿ. ಎರಡೂ ಸಲದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಯಾರಿಗೆ ಫೋನ್ ಮಾಡಬೇಕು

ಇಲ್ಲಿ ಬಹಳ ಜನ ಸುಮ್ನೆ ಅಲೆಯುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗೆ ಕರೆಂಟ್ ಕೊಡುವುದು ಹೆಸ್ಕಾಂ. ಅದರ ಸಹಾಯವಾಣಿ 1912. ಆದರೆ ನಿಮ್ಮ ಮನೆಯ ಮೀಟರ್ ಹೆಸ್ಕಾಂನದೇ ಆಗಿರಬೇಕೆಂದಿಲ್ಲ.

ಅಪಾರ್ಟ್‌ಮೆಂಟ್, ಪಿಜಿಗಳಲ್ಲಿ ಹೆಸ್ಕಾಂ ಒಂದೇ ದೊಡ್ಡ ಮೀಟರ್ ಕೊಟ್ಟಿರುವುದುಂಟು. ಅದರ ಒಳಗಡೆ ಮಾಲೀಕರು ರೂಮಿಗೊಂದು ಸಬ್ ಮೀಟರ್ ಕೂರಿಸಿರುತ್ತಾರೆ. ರೀಚಾರ್ಜ್ ಆ್ಯಪ್ ಯಾವುದೋ ಖಾಸಗಿ ಕಂಪನಿಯದು. ಸಬ್ ಮೀಟರ್ ಕಡಿದರೆ 1912ಕ್ಕೆ ಹೇಳಿ ಉಪಯೋಗ ಇಲ್ಲ. ಅವರ ಲೆಕ್ಕದಲ್ಲಿ ಕಟ್ಟಡಕ್ಕೆ ಕರೆಂಟ್ ಹೋಗುತ್ತಲೇ ಇದೆ.

ಗುರುತು ಹಿಡಿಯುವುದು ಸುಲಭ. ನಿಮ್ಮ ಹೆಸರಿಗೋ ಮಾಲೀಕರ ಹೆಸರಿಗೋ ಆ ಮೀಟರ್‌ಗೆ ಬೇರೆಯೇ ಆರ್‌ಆರ್ ನಂಬರ್ (ಹೆಸ್ಕಾಂ ಬಿಲ್ ಮೇಲಿನ ಸಂಪರ್ಕ ಸಂಖ್ಯೆ) ಇದ್ದರೆ ಅದು ಹೆಸ್ಕಾಂ ಮೀಟರ್. ಆರ್‌ಆರ್ ನಂಬರ್ ಇಲ್ಲದೆ ಬರೀ ಫ್ಲ್ಯಾಟ್ ನಂಬರ್ ಅಥವಾ ಆ್ಯಪ್‌ನ ಐಡಿ ಇದ್ದರೆ ಸಬ್ ಮೀಟರ್. ಗೃಹಜ್ಯೋತಿಗೂ ಇದೇ ಕಾರಣಕ್ಕೆ ತೊಡಕು. ಬಾಡಿಗೆದಾರರಿಗೂ ಆ ಯೋಜನೆ ಇದೆ, ಆದರೆ ಅದು ಸಂಪರ್ಕದ ಲೆಕ್ಕದಲ್ಲಿ ಸಿಗುವಂಥದ್ದು. ಸಬ್ ಮೀಟರ್‌ಗೆ ಪ್ರತ್ಯೇಕ ಸಂಪರ್ಕ ಇಲ್ಲ. ರೂಮು ಹಿಡಿಯುವ ಮುಂಚೆ ಇದನ್ನು ನೋಡಿದರೆ ವರ್ಷಕ್ಕೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಮಾಲೀಕರ ಹತ್ತಿರ ಕೇಳಲು ಸಂಕೋಚ ಬೇಡ. "ಕಾಕಾರ, ಯೂನಿಟ್ಟಿಗೆ ಎಷ್ಟ ಹಿಡೀತೀರ್ರಿ? ದಿನಾ ಬ್ಯಾರೆ ಏನರ ಕಟ್ ಆಗ್ತದೇನ್ರಿ?" ಎಂದು ನೇರವಾಗಿ ಕೇಳಿ. 2025-26ರ ದರಪಟ್ಟಿಯಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5.80 ರೂ., ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ಇತ್ತು. ಯೂನಿಟ್ ದರದ ಮೇಲೆ 9% ತೆರಿಗೆ. ಕಟ್ಟಡದ ಸಂಪರ್ಕ ವಾಣಿಜ್ಯ ಲೆಕ್ಕದ್ದಾಗಿದ್ದರೆ ದರ ಬೇರೆ. ಈ ಲೆಕ್ಕ ನಿಮಗೆ ಗೊತ್ತಿದ್ದರೆ ಮಾತು ಜಗಳಕ್ಕೆ ಹೋಗುವುದಿಲ್ಲ.

ಜನರೇಟರ್ ಇರುವ ಅಪಾರ್ಟ್‌ಮೆಂಟ್ ಆದರೆ ಇನ್ನೊಂದು ಕೇಳಿ: ಜನರೇಟರ್ ಓಡುವಾಗ ಯೂನಿಟ್ ದರ ಎಷ್ಟು? 1 ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಬರುತ್ತದೆ. ಹಾಗಾಗಿ ಆ ಹೊತ್ತಿನ ಯೂನಿಟ್ ನಾಲ್ಕೈದು ಪಟ್ಟು ದುಬಾರಿ. ಎರಡು ದರದ ಮೀಟರ್‌ಗಳು ಇದನ್ನು ಬೇರೆಯಾಗಿಯೇ ಎಣಿಸುತ್ತವೆ. ಬೇಸಿಗೆಯಲ್ಲಿ ಸಂಜೆ ಕರೆಂಟ್ ಹೋದಾಗ ಕೂಲರ್ ಹಚ್ಚಿಟ್ಟುಕೊಂಡೇ ಕೂತರೆ ಬ್ಯಾಲೆನ್ಸ್ ಕರಗುವುದು ಇದರಿಂದಲೇ. ಜನರೇಟರ್ ಹೊತ್ತಿನಲ್ಲಿ ಫ್ಯಾನ್, ದೀಪ ಸಾಕು.

ದಿನದ ಲೆಕ್ಕ

ಬ್ಯಾಲೆನ್ಸ್ 300 ರೂ. ಇದೆ ಅಂದರೆ ಸಾಕಷ್ಟಿದೆ ಅನ್ನಿಸುತ್ತದೆ. ಜನವರಿಯಲ್ಲಿ ಅದು ಸಾಕಷ್ಟು, ಮೇ ತಿಂಗಳಲ್ಲಿ ಅಲ್ಲ. ಆ ವ್ಯತ್ಯಾಸವೇ ಜನರಿಗೆ ತೊಂದರೆ ಕೊಡುವುದು.

ವಿಜಯಪುರದಲ್ಲಿ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಒಂದು ಸಣ್ಣ ಕುಟುಂಬದ ಬೇಸಿಗೆ ದಿನವನ್ನು ಲೆಕ್ಕ ಹಾಕೋಣ. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಹಳೆಯ 75 ವ್ಯಾಟ್ ಫ್ಯಾನ್ ಮೂರು, 12 ಗಂಟೆ: 2.7 ಯೂನಿಟ್. 180 ವ್ಯಾಟ್ ಕೂಲರ್ 10 ಗಂಟೆ: 1.8. ಫ್ರಿಜ್ ದಿನಕ್ಕೆ 1.3. ಟಿವಿ 5 ಗಂಟೆ: 0.4. ಆರು ಎಲ್‌ಇಡಿ ದೀಪ 5 ಗಂಟೆ: 0.3. ಸಂಪ್‌ನಿಂದ ಟಾಕಿಗೆ ನೀರು ಏರಿಸುವ 1 ಎಚ್‌ಪಿ ಮೋಟರ್ ಒಂದು ಗಂಟೆ: ಸುಮಾರು 1. ಮಿಕ್ಸರ್, ಮೊಬೈಲ್, ಇಸ್ತ್ರಿ ಸೇರಿ 0.3. ಒಟ್ಟು 7.8 ಯೂನಿಟ್.

ಸಬ್ ಮೀಟರ್ ದರ ಯೂನಿಟ್‌ಗೆ 8 ರೂ. ಎಂದು ಹಿಡಿಯಿರಿ, 62 ರೂ. ಆಯಿತು. ದಿನಕ್ಕೆ 10 ರೂ. ಸಾಮಾನ್ಯ ಖರ್ಚು ಅಂತ ಕಟ್ ಆಗುತ್ತದೆ ಎಂದುಕೊಂಡರೆ 72. ಅಂದರೆ 500 ರೂಪಾಯಿ ಏಳು ದಿನವೂ ತುಂಬುವುದಿಲ್ಲ. ಅದೇ ಮನೆಯಲ್ಲಿ ಚಳಿಗಾಲದಲ್ಲಿ ಕೂಲರ್ ಇಲ್ಲ, ಫ್ಯಾನ್ ಕಡಿಮೆ. ನೀರು ಕಾಯಿಸಲು ಗ್ಯಾಸ್ ಅಥವಾ ಸೋಲಾರ್ ಇದ್ದರೆ 4 ಯೂನಿಟ್ ಸಾಕು. ಆಗ ದಿನಕ್ಕೆ 42, ಅದೇ 500 ರೂಪಾಯಿ ಹನ್ನೆರಡು ದಿನದ ಹತ್ತಿರ ಬರುತ್ತದೆ. 2000 ವ್ಯಾಟ್ ಗೀಸರ್ ದಿನಾ ಅರ್ಧ ಗಂಟೆ ಹಚ್ಚಿದರೆ ಅದೊಂದೇ 1 ಯೂನಿಟ್.

ನಿಮ್ಮ ಮನೆಯ ಲೆಕ್ಕಕ್ಕೆ ಇಷ್ಟೆಲ್ಲ ಬರೆಯಬೇಕಾಗಿಲ್ಲ. ಒಂದು ಬೆಳಗ್ಗೆ ಬ್ಯಾಲೆನ್ಸ್ ಬರೆದಿಡಿ, ಒಂದು ವಾರ ಬಿಟ್ಟು ಅದೇ ಹೊತ್ತಿಗೆ ನೋಡಿ. ಕಡಿಮೆಯಾದದ್ದನ್ನು 7ರಿಂದ ಭಾಗಿಸಿ. ಅದು ನಿಮ್ಮ ದಿನದ ಖರ್ಚು. ಮಾರ್ಚ್, ಜುಲೈ, ನವೆಂಬರ್‌ನಲ್ಲಿ ಮತ್ತೆ ನೋಡಿ, ಋತು ಬದಲಾದಂತೆ ಬದಲಾಗುತ್ತದೆ.

ಆ ಖರ್ಚಿನ ಮೂರು ಪಟ್ಟು ಯಾವತ್ತೂ ಮೀಟರ್‌ನಲ್ಲಿ ಉಳಿದಿರಬೇಕು. ದಿನಕ್ಕೆ 72 ಆದರೆ 216, ಸುಲಭಕ್ಕೆ 250 ಅನ್ನಿ. ಆ್ಯಪ್‌ನಲ್ಲಿ ಎಚ್ಚರಿಕೆ ಮೊತ್ತ ಹೊಂದಿಸುವ ಅವಕಾಶ ಇದ್ದರೆ 250 ಎಂದೇ ಇಡಿ. ಬಹಳ ಆ್ಯಪ್‌ಗಳಲ್ಲಿ ಅದು 50 ಅಥವಾ 100 ಇರುತ್ತದೆ. ಬೇಸಿಗೆಯಲ್ಲಿ ಅಷ್ಟು ದುಡ್ಡು ಒಂದು ದಿನದ್ದು, ಮೆಸೇಜ್ ನೋಡುವಷ್ಟರಲ್ಲಿ ಮುಗಿದಿರುತ್ತದೆ. ಮೂರು ದಿನವೇ ಯಾಕೆ ಅಂದರೆ ಶನಿವಾರ ಸಂಜೆ ಸರ್ವರ್ ಕೆಟ್ಟರೂ ಸೋಮವಾರದ ತನಕ ತಡೆಯಬೇಕು.

ಮೆಸೇಜ್ ಯಾರ ಫೋನಿಗೆ ಹೋಗುತ್ತದೆ ಎಂಬುದನ್ನು ಮರೆಯದೆ ನೋಡಿ. ಬಾಡಿಗೆ ಮನೆಗಳಲ್ಲಿ ಹಿಂದಿನ ಬಾಡಿಗೆದಾರರ ನಂಬರೋ, ಬೆಂಗಳೂರಿನಲ್ಲಿರುವ ಮಾಲೀಕರ ಮಗನ ನಂಬರೋ ಇರುತ್ತದೆ. ಕಟ್ಟಡದ ಕೆಲಸದಲ್ಲಿ ಕಾಂಟ್ರ್ಯಾಕ್ಟರ್ ನಂಬರ್. ಅದನ್ನು ಮೊದಲ ವಾರದಲ್ಲೇ ಬದಲಿಸಿಕೊಳ್ಳಿ.

ಲೆಕ್ಕಕ್ಕಿಂತ ಜಾಸ್ತಿ ದುಡ್ಡು ಹೋಗುತ್ತಿದೆ ಅನ್ನಿಸಿದರೆ ಮೀಟರ್ ಮೇಲಿನ ಮಿನುಗುವ ಕೆಂಪು ದೀಪ ನೋಡಿ. ಪಕ್ಕದಲ್ಲಿ 1600, 3200 ಥರದ ಸಂಖ್ಯೆ ಬರೆದಿರುತ್ತದೆ. ಅದು 1 ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆ. ಒಂದು ನಿಮಿಷದಲ್ಲಿ ಎಷ್ಟು ಮಿನುಗಿತು ಎಣಿಸಿ, 60ರಿಂದ ಗುಣಿಸಿ, ಆ ಸಂಖ್ಯೆಯಿಂದ ಭಾಗಿಸಿ. 3200ರ ಮೀಟರ್‌ನಲ್ಲಿ ನಿಮಿಷಕ್ಕೆ 16 ಸಲ ಮಿನುಗಿದರೆ 0.3 ಕಿಲೋವ್ಯಾಟ್, ಅಂದರೆ 300 ವ್ಯಾಟ್ ಓಡುತ್ತಿದೆ. ಈಗ ಮನೆಯೊಳಗಿನ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಆಮೇಲೂ ಮಿನುಗುತ್ತಲೇ ಇದ್ದರೆ ಮೀಟರ್‌ಗೂ ಮೇನ್ ಸ್ವಿಚ್‌ಗೂ ನಡುವೆ ಬೇರೆ ಯಾರದೋ ವೈರ್ ಸೇರಿರಬಹುದು. ಮೆಟ್ಟಿಲ ದೀಪ, ಬೋರ್‌ವೆಲ್ ಮೋಟರ್ ಒಬ್ಬರ ಸಬ್ ಮೀಟರ್‌ಗೆ ಸೇರಿಕೊಂಡಿರುವುದನ್ನು ನಾನೇ ಕಂಡಿದ್ದೇನೆ. ವಿಡಿಯೋ ಮಾಡಿ ಮಾಲೀಕರಿಗೆ ತೋರಿಸಿ.

ಎಲ್ಲಿ ಎಚ್ಚರ ಜಾಸ್ತಿ ಬೇಕು

ನಳಕ್ಕೆ ನೀರು ಬಿಡುವ ದಿನ. ಸಂಪ್ ತುಂಬಿದೆ, ಆದರೆ ಮೀಟರ್ ಸೊನ್ನೆ, ಮೋಟರ್ ಓಡದು. ನಮ್ಮ ಕಡೆ ಬಹಳ ಓಣಿಗಳಿಗೆ ನೀರು ದಿನಾ ಬರುವುದಿಲ್ಲ. ಹಿಂದಿನ ರಾತ್ರಿಯೇ ಬ್ಯಾಲೆನ್ಸ್ ನೋಡಿ.

ಊರಿಗೆ ಹೋಗುವಾಗ. ಸಿದ್ಧೇಶ್ವರ ಜಾತ್ರೆಗೋ ಬನಶಂಕರಿ ಜಾತ್ರೆಗೋ ಮನೆ ಬೀಗ ಹಾಕಿ ಹೋದರೂ ದಿನದ ನಿಗದಿತ ಶುಲ್ಕ ಕಟ್ ಆಗುತ್ತಲೇ ಇರುತ್ತದೆ. ಫ್ರಿಜ್ ಓಡುತ್ತಲೇ ಇರುತ್ತದೆ. ಫ್ರಿಜ್ ಖಾಲಿ ಮಾಡಿ ಆಫ್ ಮಾಡಿ, ಅಥವಾ ಅಷ್ಟೂ ದಿನಕ್ಕೆ ದುಡ್ಡು ಹಾಕಿ ಹೋಗಿ.

ಮನೆ ಕಟ್ಟಿಸುವವರು. ಬಾಗಲಕೋಟೆ ನವನಗರದಂಥ ಕಡೆ ಆಲಮಟ್ಟಿ ಹಿನ್ನೀರಿಗೆ ಜಾಗ ಬಿಟ್ಟುಕೊಟ್ಟವರು ಹೊಸದಾಗಿ ಮನೆ ಕಟ್ಟುತ್ತಿದ್ದಾರೆ. ತಾತ್ಕಾಲಿಕ ಸಂಪರ್ಕದ ದರ ಮನೆ ದರಕ್ಕಿಂತ ಜಾಸ್ತಿ. ಸ್ಲ್ಯಾಬ್ ಹಾಕುವ ದಿನ ನಡುವೆ ಕರೆಂಟ್ ಕಡಿದರೆ ವೈಬ್ರೇಟರ್ ನಿಲ್ಲುತ್ತದೆ, ಕಾಂಕ್ರೀಟ್ ಕಾಯುವುದಿಲ್ಲ. ಆಮೇಲೆ ಕ್ಯೂರಿಂಗ್. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ಥರದ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಉಣಿಸಬೇಕು. ನಮ್ಮ ಬಿಸಿಲಿಗೆ ಇನ್ನೂ ಜಾಸ್ತಿ ಒಳ್ಳೆಯದು. ಗೌಂಡಿಯ ಕೆಲಸ ಎಷ್ಟೇ ಚೆನ್ನಾಗಿದ್ದರೂ ಈ ದಿನಗಳಲ್ಲಿ ಮೋಟರ್ ನಿಂತರೆ ಸ್ಲ್ಯಾಬ್ ಬಿರುಕು ಬಿಡಬಹುದು. ಸ್ಲ್ಯಾಬ್ ಹಿಂದಿನ ದಿನವೇ ಹದಿನೈದು ದಿನದ ದುಡ್ಡು ಹಾಕಿಬಿಡಿ.

ಮನೆಯಲ್ಲಿ ರೋಗಿ ಇದ್ದರೆ. ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿ ಒಳಗಿದ್ದರೆ ಸುಮಾರು ನಾಲ್ಕು ವಾರ ಇರುತ್ತದೆ, ಆದರೆ ಮೇ ತಿಂಗಳಲ್ಲಿ ನಮ್ಮ ಮನೆಗಳ ಒಳಗೂ 30 ದಾಟುತ್ತದೆ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ, ನಾಲ್ಕು ಗಂಟೆ ತಂಪು ಉಳಿಯುತ್ತದೆ. ಅದಕ್ಕೂ ಮೀರಿದರೆ ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ನಡುವೆ ಸಣ್ಣ ಮಡಕೆ ಇಟ್ಟು, ಅದರೊಳಗೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ. ಮಂಜುಗಡ್ಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬಾರದು. ಆಕ್ಸಿಜನ್ ಯಂತ್ರ ಇರುವ ಮನೆಯಲ್ಲಿ ತುಂಬಿದ ಸಿಲಿಂಡರ್ ಒಂದು ಇರಲೇಬೇಕು. ಮಾಲೀಕರಿಗೆ ಅಥವಾ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಮೊದಲೇ ಬರಹದಲ್ಲಿ ತಿಳಿಸಿಡಿ. ಮೂರು ದಿನದ ಬದಲು ಹತ್ತು ದಿನದ ಬ್ಯಾಲೆನ್ಸ್ ಇಡಿ.

ಮಾಡಬಾರದ್ದು

ಮೀಟರ್ ಬಿಟ್ಟು ನೇರ ವೈರ್ ಎಳೆಯುವುದು ಕಳ್ಳತನ. ವಿದ್ಯುತ್ ಕಾಯ್ದೆಯ 135ನೇ ಕಲಮಿನಲ್ಲಿ ಮೂರು ವರ್ಷದ ತನಕ ಜೈಲು ಅಥವಾ ದಂಡ, ಇಲ್ಲವೇ ಎರಡೂ ಇದೆ. "ಒಂದ ರಾತ್ರಿ ಅಷ್ಟ ಅಲ್ರಿ" ಎಂದು ಹೇಳುವ ಎಲೆಕ್ಟ್ರಿಷಿಯನ್‌ನನ್ನು ಹತ್ತಿರ ಸೇರಿಸಬೇಡಿ. ಪಕ್ಕದ ಮನೆಯಿಂದ ಕಿಟಕಿಯಲ್ಲಿ ವೈರ್ ತಂದು ಮನೆಗೆ ಕರೆಂಟ್ ಹಚ್ಚುವುದೂ ತಪ್ಪು. ಒಂದು ಜಾಗಕ್ಕೆ ಕೊಟ್ಟ ಕರೆಂಟನ್ನು ಇನ್ನೊಂದು ಜಾಗಕ್ಕೆ ಬಳಸುವುದು 126ನೇ ಕಲಮಿನಲ್ಲಿ ಅನಧಿಕೃತ ಬಳಕೆ. ಸಣ್ಣ ವೈರ್‌ನಲ್ಲಿ ಕೂಲರ್, ಹೀಟರ್ ಓಡಿಸಿದರೆ ವೈರ್ ಕರಗಿ ಬೆಂಕಿಯೂ ಹತ್ತುತ್ತದೆ. ಮೊಬೈಲ್ ಚಾರ್ಜ್ ಮಾಡಬೇಕಾ? ಪಕ್ಕದ ಅಕ್ಕನವರ ಮನೆಯಲ್ಲೇ ಹೋಗಿ ಹಚ್ಚಿ.

ಹಣದ ತಕರಾರು ಇದ್ದರೆ

ಹೆಸ್ಕಾಂ ಮೀಟರ್ ಆದರೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಸೆಕ್ಷನ್ ಆಫೀಸಿಗೆ ಲಿಖಿತ ಅರ್ಜಿ, ಸ್ವೀಕೃತಿ ಸಹಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ವಿದ್ಯುತ್ ಕಾಯ್ದೆಯ 42ನೇ ಕಲಮಿನ ಪ್ರಕಾರ ಪ್ರತಿ ಕರೆಂಟ್ ಕಂಪನಿಯೂ ಅದನ್ನು ನಡೆಸಲೇಬೇಕು. ಹೊಸ ಪ್ರೀಪೇಯ್ಡ್ ಸಂಪರ್ಕ ಪಡೆಯುವವರು ಇನ್ನೊಂದು ನೆನಪಿಡಿ: 47ನೇ ಕಲಮಿನಲ್ಲಿ, ಪ್ರೀಪೇಯ್ಡ್ ಮೀಟರ್ ಮೂಲಕ ಕರೆಂಟ್ ತೆಗೆದುಕೊಳ್ಳಲು ಒಪ್ಪಿದವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಎಂದು ಸ್ಪಷ್ಟವಾಗಿ ಇದೆ. ಕೇಳಿದರೆ ಕಲಮು ತೋರಿಸಿ.

ಸಬ್ ಮೀಟರ್‌ಗೆ ಕರಾರು ಪತ್ರವೇ ಆಧಾರ. ಯೂನಿಟ್ ದರ, ದಿನದ ಕಡಿತ, ಜನರೇಟರ್ ದರ ಮೂರನ್ನೂ ಅದರಲ್ಲಿ ಬರೆಸಿ. ರೂಮಿಗೆ ಹೋಗುವ ದಿನ ಮೀಟರ್‌ನ ಫೋಟೋ ತೆಗೆಯಿರಿ. ಯೂನಿಟ್, ಬ್ಯಾಲೆನ್ಸ್ ಎರಡೂ ಕಾಣಬೇಕು. ಹಿಂದಿನವರ ಮೈನಸ್ ನಿಮ್ಮ ತಲೆಗೆ ಬರುವುದು ಇದರಿಂದ ತಪ್ಪುತ್ತದೆ. ಬಿಡುವಾಗ ಕೊನೆಯ ಎರಡು ವಾರ ಸಣ್ಣ ಮೊತ್ತವನ್ನೇ ಹಾಕುತ್ತಾ ಬನ್ನಿ. ಉಳಿದ ಬ್ಯಾಲೆನ್ಸನ್ನು ಅಡ್ವಾನ್ಸ್ ಜೊತೆ ಲೆಕ್ಕ ಹಾಕಿ ವಾಪಸ್ ಕೇಳಿ. ಆ್ಯಪ್‌ನಿಂದ ನಿಮ್ಮ ನಂಬರ್ ತೆಗೆಸಿ, ಆಮೇಲೆ ಕೀಲಿ ಕೊಡಿ.